ಮೇಜಿನ ಕಾಲಿನ ಗಾಯ

ಬುಧವಾರ ಬೆಳಿಗ್ಗೆ ಠಾಣೆಗೆ ಬಂದ ದೂರಿನಲ್ಲಿ ದೂರುದಾರಳೂ ಆರೋಪಿಯೂ ಒಬ್ಬಳೇ.

“ಬರ್ಕೊಳ್ಳಿ ಸಾರ್. ನಮ್ಮಪ್ಪನ್ನ ಕೊಂದಿದ್ದು ನಾನೇ.”

ಹುಡುಗಿಯ ಕೂದಲಲ್ಲಿ ಇನ್ನೂ ಮರದ ಪುಡಿಯಿತ್ತು. ಹಿಂದಿನ ಮಧ್ಯಾಹ್ನ ಅವಳ ಮನೆಯವರ ಮರಗೆಲಸದ ಶೆಡ್ಡಿನಲ್ಲಿ, ಮರದ ಅಂಚು ಕೊರೆಯುವ ರೂಟರ್ ಯಂತ್ರದ ಮೇಜಿನ ತೂತಿನಿಂದ ಬಿಟ್ ಎಂಬ ತಿರುಗುವ ಅಲಗು ಕಿತ್ತು ಹಾರಿ, ಮೇಸ್ತ್ರಿಯಾಗಿದ್ದ ಅವಳಪ್ಪನ ಕುತ್ತಿಗೆಗೆ ಬಡಿದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಟ್ ಕೂರಿಸಿದ್ದವಳು ಮಗಳು. ಅಸಹಜ ಸಾವೆಂದು ಪ್ರಕರಣ ದಾಖಲಾಗಿ ಶೆಡ್ಡಿಗೆ ಬೀಗ ಬಿದ್ದಿತ್ತು. ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಹೆತ್ತ ಅಪ್ಪನನ್ನೇ ತಿಂದಳು ಎಂದು ಆಗಲೇ ಶುರುವಾಗಿತ್ತು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಪಂಚರ ಮುಂದೆ ಶೆಡ್ಡಿನ ಬೀಗ ತೆಗೆಸಿದರು. ನೆಲದ ಮೇಲಿನ ಪುಡಿ ಒಂದು ಕಡೆ ಕಪ್ಪಗೆ ಹೆಪ್ಪುಗಟ್ಟಿತ್ತು. ಸತ್ತವನ ತಮ್ಮ ಬಾಗಿಲಲ್ಲೇ ನಿಂತ. ಅವನ ಬಲಗೈಯಲ್ಲಿ ಮೂರೇ ಬೆರಳು.

“ಎಳೇ ಕೈ ಸಾರ್, ಬಿಗಿ ಸಾಲ್ಲಿಲ್ಲ. ಏನ್ಮಾಡೋದು, ನಮ್ಮಣ್ಣನ ಗ್ರಹಚಾರ.”

“ನೀವು ಈ ಮೇಜು ಮುಟ್ಟಿದ್ರಾ?”

“ಅಯ್ಯೋ, ಬೆರಳು ಹೋದ್ಮೇಲೆ ರೂಟರ್ ಸಹವಾಸಾನೇ ಬೇಡ ಅಂತ ಬಿಟ್ಟೆ. ಈ ಮೇಜು ಹೋದ ವಾರ ಅಪ್ಪ ಮಗಳು ಮಾಡಿದ್ದು. ನಾನು ಕೈಯೂ ಹಚ್ಚಿಲ್ಲ.”

ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ತಿರುಗಿದರು. “ನಿನ್ನೆ ಮಾಡಿದ್ದನ್ನೇ ಮಾಡಿ ತೋರ್ಸಮ್ಮ.”

ಅವಳು ಮೊದಲು ಪ್ಲಗ್ ಕಿತ್ತಿದ್ದನ್ನು ಕಣ್ಣಾರೆ ನೋಡಿಕೊಂಡಳು. ಬಿಟ್ಟನ್ನು ತಳ ಮುಟ್ಟಿಸಿ ಅಕ್ಕಿಕಾಳಿನಷ್ಟು ಮೇಲೆತ್ತಿದಳು. ಮೇಜಿನಡಿ ಒಂದು ಸ್ಪ್ಯಾನರ್ ತಿರುಗುವ ದಂಡಕ್ಕೆ, ಇನ್ನೊಂದು ಬಿಟ್ಟನ್ನು ಬಿಗಿಹಿಡಿಯುವ ನಟ್ಟಿಗೆ. ಎರಡು ಕೈ ಹೋಗದ ಆ ಇಕ್ಕಟ್ಟಿನಲ್ಲಿ ಎರಡನ್ನೂ ಒಂದೇ ಅಂಗೈಯಲ್ಲಿ ಸೇರಿಸಿ ಹಿಂಡಿದಳು. ಮರ ಆನಿಸುವ ಅಡ್ಡಪಟ್ಟಿಯನ್ನು ಹತ್ತಿರ ತಂದು, ಬಿಟ್ಟನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದಳು.

“ಮರ ಬಲದಿಂದ ಎಡಕ್ಕೇ ತಳ್ಬೇಕು, ಕೈ ಬದಲು ತಳ್ಳುಕಟ್ಟಿಗೆ. ಎಲ್ಲಾ ಅಪ್ಪ ಹೇಳ್ಕೊಟ್ಟಿದ್ದೇ ಸಾರ್.”

“ಆಮೇಲೆ?”

“ಊಟಕ್ಕೆ ಹೋದ್ವಿ.”

“ಇಲ್ಲಿ ಯಾರಿದ್ರು?”

“ಚಿಕ್ಕಪ್ಪ.”

ಇನ್ಸ್‌ಪೆಕ್ಟರ್ ಮೇಜಿನಡಿ ಕೂತು ಟಾರ್ಚ್ ಬಿಟ್ಟರು. ಒಂದು ಕಾಲಿನ ಒಳಬದಿಯ ಪಾಲಿಶ್ ಒಂದೆಡೆ ಒಡೆದು ಮರ ಬೆಳ್ಳಗೆ ಕಾಣುತ್ತಿತ್ತು. ಹೆಬ್ಬೆರಳಗಲದ ತಗ್ಗು.

ಹುಡುಗಿಯೂ ಬಗ್ಗಿ ನೋಡಿದಳು. “ಇದು ಇರ್ಲಿಲ್ಲ ಸಾರ್! ನಿನ್ನೆ ಬೆಳಿಗ್ಗೆ ಈ ಕಾಲು ನಾನೇ ಒರೆಸಿದ್ದು.”

“ಹೆಡ್ ಸಾಹೇಬ್ರೇ, ಬನ್ನಿ ಇಲ್ಲಿ. ಬಲಗೈಲಿ ಎರಡು ಬೆರಳು ಮಡಚ್ಕೊಂಡು ಆ ನಟ್ ಬಿಚ್ಚಿ.”

“ನನ್ನ ಹೆಂಡ್ತಿ ಉಪ್ಪಿನಕಾಯಿ ಬಾಟ್ಲೀನೇ ನನ್ನ ಕೈಗೆ ಕೊಡಲ್ಲ ಸಾರ್,” ಎನ್ನುತ್ತ ಹೆಡ್‌ಕಾನ್‌ಸ್ಟೇಬಲ್ ಕುಕ್ಕರಗಾಲಲ್ಲಿ ಕೂತ. ಎರಡು ಸಲ ಹಿಂಡಿದ. ಎರಡು ಸಲವೂ ಸ್ಪ್ಯಾನರ್ ಜಾರಿತು. ಮೂರನೆಯ ಸಲ ಒಂದರ ಹಿಡಿಯನ್ನು ಮೇಜಿನ ಕಾಲಿಗೆ ಆನಿಸಿ, ಇನ್ನೊಂದನ್ನು ಎಳೆದ. ನಟ್ ಬಿಟ್ಟುಕೊಂಡಿತು. ಆನಿಸಿದ ಹಿಡಿ ಆ ಬಿಳಿ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲಲ್ಲಿದ್ದವನು ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

“ಹಾಗಾದ್ರೆ… ನಾನು ಬಿಗಿಯಾಗೇ ಕೂರಿಸಿದ್ದೆನಾ ಸಾರ್?”

“ಬಿಗಿಯಾಗೇ ಕೂರಿಸಿದ್ದೆ ಕಣಮ್ಮ.”

ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಆ ಪುಡಿಯ ಮೇಲೆಯೇ ಕುಸಿದು ಬಿಕ್ಕಿದಳು.

ತಗ್ಗಿನ ಅಳತೆ ಪಂಚನಾಮೆಗೆ ಸೇರಿತು. ಕೊಲೆಯೆಂದು ಎಫ್‌ಐಆರ್ ಆಯಿತು. ಸಂಜೆ ನಾಲ್ಕಕ್ಕೆ ಚಿಕ್ಕಪ್ಪನ ದಸ್ತಗಿರಿ.

ಠಾಣೆಯ ಬೆಂಚಿನ ಮೇಲೆ ಅವನು ತಾನಾಗಿಯೇ ಬಾಯಿಬಿಟ್ಟ. “ನನ್ನ ಬೆರಳು ಹೋದ ದಿನ ನಾನು ಬಿಟ್ ಬದಲಾಯಿಸ್ತಿದ್ದೆ. ನೋಡ್ದೆ ಪ್ಲಗ್ ಹಾಕಿದ್ದು ಅಣ್ಣ. ಎಲ್ಲರ ಮುಂದೆ ತಪ್ಪು ತಮ್ಮಂದೇ ಅಂದ. ಹೋಗ್ಲಿ ಅಂದ್ಕೊಂಡೆ. ಆದ್ರೆ ಹೊಸಬರು ಯಾರೇ ಬರ್ಲಿ, ನನ್ನ ಕೈ ಹಿಡಿದೆತ್ತಿ, ‘ಮೈಮರೆತ್ರೆ ಹಿಂಗಾಗುತ್ತೆ ನೋಡ್ರಪ್ಪ’ ಅಂತ ಪಾಠ ಮಾಡ್ತಿದ್ದ. ನಗ್ತಾ ಮಾಡ್ತಿದ್ದ ಸಾರ್. ಅವನ ಕೈಗೂ ಒಂದು ಏಟು ಬೀಳ್ಲಿ ಅಂತ ನಟ್ ಸಡಿಲ ಮಾಡ್ದೆ, ಅಷ್ಟೇ. ಪ್ರಾಣ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ.”

“ತಪ್ಪು ಆ ಮಗು ತಲೆ ಮೇಲೆ ಬರುತ್ತೆ ಅಂತ ಗೊತ್ತಿತ್ತಲ್ಲ?”

ಅವನು ತನ್ನ ಮೂರು ಬೆರಳಿನ ಕೈಯನ್ನು ತಾನೇ ಎತ್ತಿ ತೋರಿಸಿದ.

“ನನ್ನ ತಲೆ ಮೇಲೂ ಬಂದಿತ್ತಲ್ಲ ಸಾರ್.”