ಕರಗಬೇಕಾದ ಸ್ಕ್ರೂ

"ನಿಮ್ಮ ಕಾಲಿಗೆ ಹಾಕ್ಕಂತೀರಾ ಮೇಡಂ ಇದನ್ನ?"

ಪಶುವೈದ್ಯ ಓಬಳೇಶ್ ತೇಜಸ್ವಿನಿಯೊಂದಿಗೆ ಆಡಿದ ಮೊದಲ ಮಾತು ಇದು. ಶ್ರೀರಾಂಪುರದ ಪಶು ಆಸ್ಪತ್ರೆಯ ಅಂಗಳದಲ್ಲಿ, ಒದೆಯುತ್ತಿದ್ದ ಕುರಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ತಲೆ ಎತ್ತದೆ ಕೇಳಿದ್ದ.

ತೇಜಸ್ವಿನಿಯ ಅಂಗೈಯಲ್ಲಿ ಕಿರುಬೆರಳಿಗಿಂತ ಚಿಕ್ಕದಾದ, ಬೂದು ಬಣ್ಣದ ಸ್ಕ್ರೂ ಇತ್ತು. ಮೆಗ್ನೀಸಿಯಂ ಬೆರೆಸಿ ಮಾಡಿದ್ದು. ಮುರಿದ ಮೂಳೆಯನ್ನು ಅದು ಹಿಡಿದಿಡಬೇಕು, ಮೂಳೆ ಕೂಡಿದ ಮೇಲೆ ಮೈಯೊಳಗೇ ಕರಗಿ ಹೋಗಬೇಕು. ಅದನ್ನು ತೆಗೆಯಲು ಇನ್ನೊಂದು ಆಪರೇಷನ್ ಬೇಡ.

ಈ ಸ್ಕ್ರೂಗಾಗಿ ಅವಳು ಲ್ಯಾಬಿನಲ್ಲಿ ಹರೆಯ ಕಳೆದಿದ್ದಳು. ಸಂಶೋಧನಾ ಲೇಖನಗಳು ಅಚ್ಚಾದವು, ಯಾರ ಕಾಲೂ ನೆಟ್ಟಗಾಗಲಿಲ್ಲ. ಕೊನೆಗೆ ಕೆಲಸ ಬಿಟ್ಟು ತನ್ನೂರು ಹೊಸದುರ್ಗಕ್ಕೆ ಬಂದು, ಹಳೇ ಕೊಬ್ಬರಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದಳು. ಒಳಗೆ ಗಾಜಿನ ಕೋಣೆ ಕಟ್ಟಿಸಿ ಲೇತ್ ಕೂರಿಸಿದಳು. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ. ಬಾಗಿಲಲ್ಲಿ ಸಾಲಾಗಿ ಮರಳಿನ ಬಕೆಟ್‌ಗಳಿದ್ದವು. ಅದನ್ನು ನೋಡಿ ಪಕ್ಕದ ಅಂಗಡಿಯವರು, ಈ ಹುಡುಗಿ ಬಾಂಬು ಮಾಡ್ತಾಳೆ ಎಂದು ನಗುತ್ತಿದ್ದರು.

ಮನುಷ್ಯರಿಗಿಂತ ಮೊದಲು ಕುರಿಗಳ ಮೇಲೆ ಪರೀಕ್ಷೆಯಾಗಬೇಕಿತ್ತು. ಅದಕ್ಕೇ ಈ ಪಶುವೈದ್ಯನ ಹತ್ತಿರ ಬಂದಿದ್ದಳು.

"ಹಾಕ್ಕಂತೀನಿ," ಎಂದಳು. "ಮುರಿದ್ರೆ."

ಅವನು ಆಗ ತಲೆ ಎತ್ತಿದ.

ಆ ಒಂದು ನೋಟಕ್ಕೆ ಅವಳ ಧೈರ್ಯವೆಲ್ಲ ಕರಗಿತು. ಆದರೆ ಅವನು ಮನಸ್ಸಿಗೆ ಹಿಡಿಸಿದನೆಂದು ಹೇಳಿಕೊಳ್ಳಲಿಲ್ಲ. ಅವನೂ ಹೇಳಲಿಲ್ಲ. ಸ್ಕ್ರೂ ಹಾಕಿದ ಕುರಿಗಳ ಕಾಲು ಕೂಡುವವರೆಗೆ ಇಬ್ಬರೂ ದೊಡ್ಡಿಯಲ್ಲಿ ಪಕ್ಕಪಕ್ಕ ಕೂತು ಚಹಾ ಕುಡಿದರು, ಕುರಿಗಳ ವಿಷಯವನ್ನೇ ಮಾತಾಡಿದರು. ಅಷ್ಟೇ.

ಆಮೇಲೆ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೆ ಅನುಮತಿ ಸಿಕ್ಕಿತು. ಆ ತಿಂಗಳೇ ಹೊಳಲ್ಕೆರೆ ರಸ್ತೆಯಲ್ಲಿ ಒಣಗಲು ಹರಡಿದ್ದ ಮೆಕ್ಕೆಜೋಳದ ಮೇಲೆ ಓಬಳೇಶನ ಬೈಕ್ ಜಾರಿತು. ಕಣಕಾಲು ಮುರಿಯಿತು.

ಬೇಡ, ಸ್ಟೀಲ್ ಸ್ಕ್ರೂನೇ ಹಾಕಿಸಿಕೊಳ್ಳಿ ಎಂದು ಅವಳು ಫೋನಿನಲ್ಲಿ ಬೇಡಿಕೊಂಡಳು. ಕುರಿ ಕಾಲಿಗೆ ಆಗುವುದು ತನ್ನ ಕಾಲಿಗೆ ಯಾಕೆ ಆಗಬಾರದು ಎಂದು ಅವನು ಪರೀಕ್ಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟ.

ಸ್ಕ್ರೂ ಮಾಡಿದ ಕಂಪನಿಯವರು ರೋಗಿಯ ಬಳಿ ಸುಳಿಯಬಾರದು ಎಂಬುದು ಪರೀಕ್ಷೆಯ ನಿಯಮ. "ನಾನು ಇನ್ನು ನಿಮ್ಮನ್ನ ನೋಡೋಕೆ ಬರಲ್ಲ," ಎಂದಷ್ಟೇ ಮೆಸೇಜ್ ಮಾಡಿದಳು. ಕಾರಣ ಬರೆಯಲು ಹೋದರೆ ಉಳಿದದ್ದನ್ನೂ ಬರೆದುಬಿಡುವೆನೆಂಬ ಭಯ.

"ಸರಿ ಬಿಡ್ರಿ. ನಾನೂ ನಿಮ್ಮ ದೊಡ್ಡಿಗೆ ಇನ್ನೊಂದು ಕುರಿ," ಎಂದು ಅವನ ಉತ್ತರ ಬಂತು.

ಅಯ್ಯೋ, ಹಾಗಲ್ಲ... ಎಂದು ಟೈಪ್ ಮಾಡಿದಳು. ಅಳಿಸಿದಳು.

ಆಪರೇಷನ್ ಆದ ಮೂರನೇ ವಾರ, ಬೆಳಿಗ್ಗೆ, ಅವನ ಅಪ್ಪ ರಂಗಯ್ಯನ ಫೋನ್ ಬಂತು. ಬದುಕಿಡೀ ಕುರಿ ಕಾಯ್ದ ಮನುಷ್ಯ.

"ಹುಡುಗನ ಕಾಲು ಊದೈತೆ ತಾಯಿ, ದುರ್ಗದ ಆಸ್ಪತ್ರೆಗೆ ತಂದೀನಿ. ಒತ್ತಿದ್ರೆ ಚರಚರ ಅಂತೈತೆ. ಚಪ್ಪೆ ರೋಗ ಬಂದ ಕುರಿ ತೊಡೆ ಹಿಂಗೇ ಅಂತೈತೆ, ಒಳಗೇ ಮಾಂಸ ಕೊಳಿತೈತೆ. ಅವು ಯಾವೂ ಉಳಿಯಲ್ಲ."

ತೇಜಸ್ವಿನಿ ಲೇತ್ ನಿಲ್ಲಿಸಿ ಕಾರಿನ ಕೀಲಿ ಎತ್ತಿಕೊಂಡಳು.

ಚಿತ್ರದುರ್ಗಕ್ಕೆ ಹೇಗೆ ಕಾರು ಓಡಿಸಿದಳೋ ಅವಳಿಗೇ ಗೊತ್ತಿಲ್ಲ. ಹೊಳಲ್ಕೆರೆ ದಾಟುವಾಗ ರಸ್ತೆಯಲ್ಲಿ ಇನ್ನೂ ಮೆಕ್ಕೆಜೋಳ ಹರಡಿತ್ತು. ಕಾರಿನ ಚಕ್ರದಡಿ ಕಾಳು ಸಿಡಿದವು. ಚರಚರ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಸುದೀಪ್ ಅವಳನ್ನು ತಾವೇ ಒಳಗೆ ಕರೆದರು. ಲೋಹದ ಬಗ್ಗೆ ಕೇಳಲು ಬೇರೆ ಯಾರೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಸ್ಕ್ರೂ ಪಕ್ಕದಲ್ಲೇ ಒಂದು ಕಪ್ಪು ಗುಳ್ಳೆ ಕಾಣುತ್ತಿತ್ತು. ಅದು ಗಾಳಿ. ಸ್ಕ್ರೂ ಕರಗುವಾಗ ಹೊರಬಿದ್ದ ಹೈಡ್ರೋಜನ್ ಆದರೆ ತಾನಾಗಿಯೇ ಹೋಗುತ್ತದೆ. ಮಾಂಸ ಕೊಳೆಸುವ ಸೋಂಕಾದರೆ ಹೊತ್ತು ಹೋದಂತೆ ಮೇಲೇರುತ್ತದೆ. ಆಗ ಕಾಲೇ ಹೋಗಬಹುದು, ಜೀವವೂ. ಬೆಳಗಿನಿಂದ ಸಣ್ಣ ಜ್ವರ ಬೇರೆ ಇದೆ ಎಂದರು.

ಈಗಲೇ ಕೊಯ್ದು ಸ್ಕ್ರೂ ತೆಗೆದರೆ ಅರ್ಧ ಕೂಡಿದ ಮೂಳೆ ಬಿಟ್ಟುಕೊಳ್ಳಬಹುದು, ಅವನು ಕುಂಟಬಹುದು. ಪರೀಕ್ಷೆಯಂತೂ ಅಲ್ಲಿಗೇ ನಿಲ್ಲುತ್ತದೆ. ಅದು ನಿಂತರೆ ಗೋದಾಮಿಗೆ ಬೀಗ.

"ಕುರಿಗಳಲ್ಲಿ ಏನಾಗಿತ್ತು?" ಎಂದು ಡಾಕ್ಟರ್ ಕೇಳಿದರು.

ಒಂದೆರಡು ಕುರಿಗಳಿಗೆ ಹೀಗೇ ಗಾಳಿ ತುಂಬಿತ್ತು, ತಾನಾಗಿಯೇ ಇಳಿದಿತ್ತು ಎಂದು ಇದ್ದದ್ದನ್ನೇ ಹೇಳಿದಳು. ಕಾಯೋಣ ಎನ್ನುವುದೇ ಬಹುಶಃ ಸರಿಯಾದ ಉತ್ತರ.

ಬಹುಶಃ...

ಇದು ನಿಜಕ್ಕೂ ನನಗೆ ಗೊತ್ತಿರುವ ಮಾತೋ, ಕಂಪನಿ ಉಳಿಸಿಕೊಳ್ಳುವ ಆಸೆಯೋ? ತನ್ನೊಳಗೆ ಹುಡುಕಿದಳು. ಎರಡನ್ನೂ ಬೇರೆ ಮಾಡಲಾಗಲಿಲ್ಲ. ಸೋಂಕಿಗಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತು.

ಡಾಕ್ಟರ ಹಿಂದೆ ಅವಳು ವಾರ್ಡಿಗೆ ಹೋದಾಗ ಮಂಚದ ಮೇಲೆ ಓಬಳೇಶ್ ಬಿಳಿಚಿಕೊಂಡು ಮಲಗಿದ್ದ, ಪಕ್ಕದಲ್ಲಿ ರಂಗಯ್ಯ ನಿಂತಿದ್ದ. ಅವನೂ ತನ್ನ ಕಾಲನ್ನು ತಾನೇ ಒತ್ತಿ ನೋಡಿಕೊಂಡಿದ್ದ. ಚಪ್ಪೆ ಅಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಬಂದ್ರಾ ಮೇಡಂ," ಎಂದ. "ಕುರಿ ಬದುಕೈತಾ ನೋಡಾಕೆ?"

ಅವಳು ಡಾಕ್ಟರ ಕಡೆ ತಿರುಗಿದಳು.

"ಸ್ಕ್ರೂ ತೆಗೀರಿ ಸರ್. ನನ್ನ ಲೆಕ್ಕ ಕಾಯಬಹುದು ಅಂತ ಹೇಳ್ತೈತೆ. ಆದ್ರೆ ಆ ಲೆಕ್ಕದ ಮೇಲೆ ಇವರ ಕಾಲು ಇಡೋಕೆ ನನಗೆ ಧೈರ್ಯ ಇಲ್ಲ."

"ಮತ್ತೆ ಕಂಪನಿ?" ಓಬಳೇಶ್ ಕೇಳಿದ.

"ಹೋಗ್ಲಿ."

"ಅಷ್ಟು ವರ್ಷದ್ದು?"

"ಹೋಗ್ಲಿ ಅಂದೆನಲ್ಲ. ನೀವು ಇರಬೇಕು ನನಗೆ. ಸ್ಕ್ರೂ ಇನ್ನೊಂದು ಮಾಡ್ತೀನಿ."

ರಂಗಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದ.

ಓಬಳೇಶ್ ಮೊಣಕೈಯೂರಿ ಮೇಲೆದ್ದ. ಆಮೇಲೆ ಕೆಲಸದ ದನಿಯಲ್ಲಿ ಮಾತಾಡಿದ.

"ಸರ್, ಕೊಯ್ಯೋಕೆ ಮುಂಚೆ ಒಂದು ಸೂಜಿ ಹಾಕಿ ಎಳ್ದು ನೋಡ್ರಿ. ಚಪ್ಪೆ ಥರದ್ದಾದ್ರೆ ಕೆಟ್ಟ ವಾಸನೆ ತಡಿಯಾಕಾಗಲ್ಲ."

ಸುದೀಪ್ ತಲೆಯಾಡಿಸಿದರು. ಲ್ಯಾಬಿಗೆ ಕಳಿಸಲು ಹೇಗೂ ಎಳೆಯಲೇಬೇಕಿತ್ತು. ಕೈಗವಸು ಆಗಲೇ ಹಾಕಿಕೊಂಡಿದ್ದರು. ಥಿಯೇಟರ್ ತಯಾರಿರಲಿ ಎಂದು ನರ್ಸಿಗೆ ಹೇಳಿದರು.

ಸೂಜಿ ಒಳಗೆ ಹೋಯಿತು. ಸಿರಿಂಜಿನೊಳಗೆ ಬರೀ ಗಾಳಿ ತುಂಬಿತು, ಕೊನೆಯಲ್ಲಿ ಒಂದು ಹನಿ ತಿಳಿನೀರು. ಡಾಕ್ಟರ್ ಹನಿಯನ್ನು ಲ್ಯಾಬಿಗೆ ಕಳಿಸಿ, ಗಾಳಿಯನ್ನು ಮೆಲ್ಲಗೆ ಹೊರಗೆ ಬಿಟ್ಟರು.

ಕೋಣೆಯಲ್ಲಿ ಎಲ್ಲರೂ ಉಸಿರು ಎಳೆದುಕೊಂಡರು. ತೇಜಸ್ವಿನಿ ಮಾತ್ರ ಮೂಗು ಮುಚ್ಚಿಕೊಂಡಿದ್ದಳು. ವಾಸನೆ ಬಂದರೆ... ಕೊನೆಗೆ ಕೈ ತೆಗೆದಳು.

ಏನೂ ಇಲ್ಲ. ಸ್ಪಿರಿಟ್ಟಿನ ವಾಸನೆ ಬಿಟ್ಟರೆ ಏನೂ ಇಲ್ಲ.

ಲ್ಯಾಬಿನಿಂದ ಮಾತು ಬರುವವರೆಗೆ ಯಾರೂ ಕದಲಲಿಲ್ಲ. ಹನಿಯಲ್ಲಿ ಕ್ರಿಮಿ ಕಾಣಲಿಲ್ಲ, ರಕ್ತದಲ್ಲಿ ಸೋಂಕಿನ ಗುರುತಿಲ್ಲ. ಆಮೇಲೆ ಅವನ ಗಂಟಲು ನೋಡಿದರೆ ಕೆಂಪಗಿತ್ತು. ಜ್ವರ ಅದರದ್ದು. ಸ್ಕ್ರೂ ಅಲ್ಲೇ ಇರಲಿ, ಇವರನ್ನು ಇಲ್ಲೇ ಇಟ್ಟುಕೊಂಡು ನೋಡುತ್ತೇನೆ ಎಂದರು ಸುದೀಪ್. ರಂಗಯ್ಯ ಎಲ್ಲರಿಗೂ ಚಹಾ ತರುತ್ತೇನೆಂದು ಹೊರಗೆ ಹೋದ.

ಅವಳು ಇನ್ನೂ ಗೋಡೆಗೆ ಒರಗಿಕೊಂಡೇ ನಿಂತಿದ್ದಳು.

"ಕುಂತ್ಕಳ್ರಿ," ಎಂದ ಓಬಳೇಶ್.

ಅವಳು ಮಂಚದ ತುದಿಯಲ್ಲಿ ಕೂತಳು. ಬರಲ್ಲ ಎಂದದ್ದು ನಿಯಮಕ್ಕಾಗಿ, ಇವತ್ತು ಆ ನಿಯಮ ಮುರಿದಾಯಿತು ಎಂದಳು. ನಾಳೆ ಪರೀಕ್ಷೆಯ ಮೇಲ್ವಿಚಾರಣಾ ಸಮಿತಿಗೆ ಎಲ್ಲ ಹೇಳಿ, ಅವನ ಕಾಲಿನ ಲೆಕ್ಕವನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಹೇಳಿದಳು.

"ಅಂದ್ರೆ ನಾನು ಕುರಿ ಅಲ್ಲ?"

"ಅಲ್ಲ. ಕುರಿಗಳು ಇಷ್ಟು ಚುಚ್ಚಿ ಮಾತಾಡ್ತಿರಲಿಲ್ಲ."

ಅವನು ನಕ್ಕ. ನಂತರ ಅವಳ ಕೈ ಹಿಡಿದು, ಮೆಲ್ಲಗೆ ತನ್ನ ಕಣಕಾಲಿನ ಊತದ ಮೇಲೆ ಇಟ್ಟ. ಬೆರಳಡಿಯಲ್ಲಿ ಉಳಿದ ಗಾಳಿ ಚರಚರ ಎಂದಿತು. ಅವಳು ಕೈ ಎಳೆದುಕೊಳ್ಳಲು ಹೋದಳು.

"ಹೆದ್ರಿಕೆ ಆಗ್ತೈತಾ?"

"ಹ್ಞೂಂ."

"ನನಗೂ. ಆದ್ರೂ ಕೈ ತೆಗೀಬ್ಯಾಡ."

ಅವಳು ತೆಗೆಯಲಿಲ್ಲ.