ಪಿಯಾನೋ ಅಮ್ಮನ ಕಿರುಬೆರಳು

"ಅತ್ತೇ! ಕೀ ತಾನಾಗೇ ಒಳಗೆ ಹೋಯ್ತು!"

ಚಿಣ್ಣಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಬೆನ್ನು ಕಪಾಟಿಗೆ ಬಡಿಯಿತು. ಕಪಾಟಿನ ಮೇಲಿದ್ದ ಸ್ಪ್ಯಾನರು ಠಣ್ ಎಂದು ಕೆಳಗೆ ಬಿತ್ತು.

ಪಿಯಾನೋ ಮುಂದೆ ಕೂತಿದ್ದ ಅತ್ತೆ ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಎರಡೂ ಕೈ ಮೇಲೆತ್ತಿದ್ದಳು. "ನೋಡ್ಕೋ. ನನ್ನ ಕೈ ಇಲ್ಲಿದೆ. ಕಾಲು ಮಾತ್ರ ಕೆಲಸ ಮಾಡ್ತಿದೆ."

ನಿಜ. ಅತ್ತೆಯ ಕಾಲುಗಳು ಕೆಳಗಿದ್ದ ಎರಡು ಅಗಲ ಪೆಡಲುಗಳನ್ನು ಒಂದಾದ ಮೇಲೊಂದು ತುಳಿಯುತ್ತಿದ್ದವು. ಮೇಲೆ ಕಪ್ಪು ಬಿಳಿ ಕೀಗಳು ತಮ್ಮಷ್ಟಕ್ಕೆ ತಾವೇ ಇಳಿಯುತ್ತಿದ್ದವು, ಏಳುತ್ತಿದ್ದವು. ಕಣ್ಣಿಗೆ ಕಾಣದವರು ಯಾರೋ ಬಂದು ಕೂತು ನುಡಿಸಿದ ಹಾಗೆ!

ಆರೇಳು ಸ್ವರ ಕೇಳಿಸಿತು, ಅಷ್ಟೇ. ಪರ್ರ್ ಎಂದು ಕಾಗದ ಹರಿದ ಸದ್ದಾಯಿತು. ಅತ್ತೆ ಥಟ್ಟನೆ ಕಾಲು ನಿಲ್ಲಿಸಿದಳು.

"ಹೋಯ್ತು. ಇದನ್ನ ಮೊದಲು ರಿಪೇರಿ ಮಾಡ್ಬೇಕು."

ಅತ್ತೆಯ ಕೆಲಸ ಲಿಫ್ಟ್ ರಿಪೇರಿ. ಊರಿನ ಯಾವ ಲಿಫ್ಟ್ ಕೆಟ್ಟರೂ ಅವಳೇ ಹೋಗಬೇಕು. ಆದರೆ ಅವಳ ಪಂಚಪ್ರಾಣವೆಲ್ಲ ಇದ್ದದ್ದು ನೂರು ವರ್ಷ ಹಿಂದಿನ ಮಷೀನುಗಳಲ್ಲಿ. ಮನೆಯ ಕೆಳಗಿನ ವರ್ಕ್‌ಶಾಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೂರ್ಯ ಹುಟ್ಟುವ ಆಕಾರದ ಗಡಿಯಾರ, ದುಂಡು ಭುಜದ ರೇಡಿಯೋ, ಹಿತ್ತಾಳೆ ರೆಕ್ಕೆಯ ಫ್ಯಾನು, ಆನೆಕಿವಿಯಷ್ಟು ಅಗಲ ಬಾಯಿಯ ಗ್ರಾಮಫೋನು. "ಆ ಕಾಲದೋರು ಒಂದು ಸ್ಕ್ರೂಗೂ ಸಿಂಗಾರ ಮಾಡ್ತಿದ್ರು ಕಣೇ" ಎಂದು ಅತ್ತೆ ಫ್ಯಾನಿನ ಬೆನ್ನು ಸವರುತ್ತಾ ಹೇಳುತ್ತಿದ್ದಳು.

ಭಾನುವಾರ ಬಂತೆಂದರೆ ಅತ್ತೆ ಆ ಕಾಲದವರಂತೆಯೇ ಟೋಪಿ ಹಾಕುತ್ತಿದ್ದಳು. ತಲೆಗೆ ಬಕೆಟ್ ಬೋರಲು ಹಾಕಿದ ಹಾಗಿರುತ್ತಿತ್ತು. ಪೋಸ್ಟ್ ಮಾಮನೂ ಕುತ್ತಿಗೆಗೆ ಚಿಟ್ಟೆ ಟೈ ಕಟ್ಟಿಕೊಂಡು ಬರುತ್ತಿದ್ದರು. ಅವರು ಅದೇ ಬೀದಿಗೆ ಕಾಗದ ಹಂಚುವವರು. ಇಬ್ಬರೂ ಸೇರಿ ಗ್ರಾಮಫೋನು ಹಚ್ಚಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕ್ಲಾಸಿನ ಹುಡುಗಿಯರು ಕಿಟಕಿಯಲ್ಲಿ ಇಣುಕಿ ಕಿಸಕ್ಕೆಂದರೆ ಚಿಣ್ಣಿಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು.

ಆದರೆ ಇವತ್ತಿನ ಪಿಯಾನೋ ಬೇರೆಯೇ ಆಗಿತ್ತು.

ಹಳೆಯ ಸಿನಿಮಾ ಥಿಯೇಟರನ್ನು ಕೆಡವುತ್ತಿದ್ದರು. ಅಲ್ಲಿನ ಲಿಫ್ಟ್ ಬಿಚ್ಚಲು ಹೋದ ಅತ್ತೆಗೆ, ತೆರೆಯ ಮುಂದೆ ವಾದ್ಯದವರು ಕೂರುತ್ತಿದ್ದ ತಗ್ಗಿನಲ್ಲಿ ಹಲಗೆಗಳ ಕೆಳಗೆ ಈ ಪಿಯಾನೋ ಸಿಕ್ಕಿತ್ತು. ಜೊತೆಗೆ ಒಂದು ಉದ್ದನೆಯ ಡಬ್ಬಿ. ಡಬ್ಬಿಯೊಳಗೆ ಕಾಗದದ ಸುರುಳಿ. ಮುಚ್ಚಳದ ಮೇಲೆ ಶಾಯಿಯಲ್ಲಿ ಬರೆದಿತ್ತು: 'ನಮ್ಮ ಪಿಯಾನೋ ಅಮ್ಮ ನುಡಿಸಿದ್ದು. ಮೂಕಿ ಚಿತ್ರದ ಕೊನೆಯ ವಾರ.'

"ಮೂಕಿ ಅಂದ್ರೆ?" ಎಂದಳು ಚಿಣ್ಣಿ.

ಆಗ ತಾನೆ ಒಳಗೆ ಬಂದ ಪೋಸ್ಟ್ ಮಾಮ ಉತ್ತರ ಹೇಳಿದರು. "ಮಾತಿಲ್ಲದ ಸಿನಿಮಾ ಪುಟ್ಟಾ. ಕುದುರೆ ಓಡಿದ್ರೆ ಸದ್ದಿಲ್ಲ, ಗುಡುಗಿದ್ರೆ ಸದ್ದಿಲ್ಲ. ಅದಕ್ಕೇ ಕೆಳಗೊಬ್ರು ಕೂತು, ತೆರೆ ನೋಡ್ತಾ ನೋಡ್ತಾ ಪಿಯಾನೋ ನುಡಿಸೋರು. ಕುದುರೆಗೆ ದಡದಡ, ಮಳೆಗೆ ಟಪಟಪ." ಮಾಮ ಮುಚ್ಚಳವನ್ನು ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ಅಯ್ಯೋ! ಈ ಪಿಯಾನೋ ಅಮ್ಮನ ಮಗಳು ಇದ್ದಾರೆ! ನಾನೇ ಅವರಿಗೆ ಪೆನ್ಷನ್ ಕಾಗದ ಕೊಡೋದು. ತಾಯಿ ಆ ಥಿಯೇಟರಲ್ಲಿ ಪಿಯಾನೋ ನುಡಿಸ್ತಿದ್ರು ಅಂತ ಹೇಳ್ತಾನೇ ಇರ್ತಾರೆ. ಮೂಲೆಮನೆ ಅಜ್ಜಿ, ತೊಂಬತ್ತು ದಾಟಿದೆ. ಏಳು ವರ್ಷಕ್ಕೇ ತಾಯಿನ ಕಳ್ಕೊಂಡೋರು."

ಅತ್ತೆ ಮತ್ತು ಮಾಮ ಒಬ್ಬರ ಮುಖ ಒಬ್ಬರು ನೋಡಿದರು. "ಭಾನುವಾರ ನಾಲ್ಕು ಗಂಟೆಗೆ ಕರ್ಕೊಂಡ್ ಬನ್ನಿ. ಅಷ್ಟರಲ್ಲಿ ರೆಡಿ ಮಾಡ್ತೀನಿ" ಎಂದಳು ಅತ್ತೆ.

ಮಾಮ ಹೋದ ಮೇಲೆ ಅತ್ತೆ ಸುರುಳಿಯನ್ನು ಬೆಳಕಿಗೆ ಹಿಡಿದಳು. ಕಾಗದದ ತುಂಬ ತೂತುಗಳು. ಕೆಲವು ಅಕ್ಕಿಕಾಳಿನಷ್ಟು ಚಿಕ್ಕವು, ಕೆಲವು ಬೆರಳುದ್ದ.

"ಪಿಯಾನೋ ಅಮ್ಮ ನುಡಿಸ್ತಾ ಇದ್ದಾಗ, ಅವರು ಒತ್ತಿದ ಒಂದೊಂದು ಕೀಗೂ ಒಂದು ಮಷೀನು ಕಾಗದದ ಮೇಲೆ ಗೆರೆ ಎಳೆದಿದೆ. ಆಮೇಲೆ ಆ ಗೆರೆ ಮೇಲೇ ತೂತು ಹೊಡೆದಿದ್ದಾರೆ. ಈಗ ನಾವು ಪೆಡಲ್ ತುಳಿದ್ರೆ ಒಳಗಿನ ತಿದಿ ಗಾಳಿ ಎಳ್ಕೊಳ್ಳತ್ತೆ, ಕಾಗದ ಈ ಹಿತ್ತಾಳೆ ಪಟ್ಟಿ ಮೇಲೆ ಸರಿಯತ್ತೆ. ತೂತು ಬಂದ ಕಡೆ ಗಾಳಿ ಒಳಗೆ ನುಗ್ಗತ್ತೆ. ಆ ಕೀ ಇಳಿಯತ್ತೆ."

ಚಿಣ್ಣಿ ಒಂದು ತೂತಿನೊಳಗಿಂದ ಕೀಗಳನ್ನು ಇಣುಕಿ ನೋಡಿದಳು.

"ಅಂದ್ರೆ... ಅವರು ಅವತ್ತು ಒತ್ತಿದ್ದು, ಇವತ್ತು ಇಳೀತಿದೆಯಾ?"

"ಹೂಂ."

ಚಿಣ್ಣಿ ಹತ್ತಿರ ಹೋಗಿ ಒಂದು ಬಿಳಿ ಕೀ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಸುಮ್ಮನೆ ಇಟ್ಟಳು.

ಸುರುಳಿ ಅಂಚಿನಲ್ಲಿ ಎಲ್ಲೆಲ್ಲೂ ಹರಿದಿತ್ತು. ಅತ್ತೆಯ ಬೆರಳುಗಳು ದಪ್ಪ, ಗ್ರೀಸು ಮೆತ್ತಿದವು. ಅದಕ್ಕೇ ಆ ಕೆಲಸ ಚಿಣ್ಣಿಗೆ ಬಂತು. ದಿನಾ ಸ್ಕೂಲಿಂದ ಬಂದವಳೇ ಕೈ ತೊಳೆದು ಕೂರುತ್ತಿದ್ದಳು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ, ತೆಳ್ಳನೆಯ ಹಿಟ್ಟಿನ ಅಂಟು, ಸಣ್ಣ ಬ್ರಷ್ಷು. "ಉಸಿರು ಬಿಗಿ ಹಿಡಿದು ಹಚ್ಚು" ಎನ್ನುತ್ತಿದ್ದಳು ಅತ್ತೆ. ಶುಕ್ರವಾರದ ಹೊತ್ತಿಗೆ ಚಿಣ್ಣಿ ನಲವತ್ತೇಳು ಹರುಕುಗಳನ್ನು ಮುಚ್ಚಿದ್ದಳು. ಅತ್ತೆ ತಿದಿಯ ಚರ್ಮ ಬದಲಿಸಿದ್ದಳು.

ಶನಿವಾರ ಟೆಸ್ಟ್.

ಅತ್ತೆ ತುಳಿದಳು. ಸುರುಳಿ ಮೆಲ್ಲಗೆ ಸರಿಯಿತು. ಮೊದಲು ಎಡಗಡೆಯ ಕೀಗಳು ದುಂ ದುಂ ಎಂದವು. ಆಮೇಲೆ ಬಲಗಡೆಯವು ಮೆಟ್ಟಿಲು ಇಳಿಯುವ ಮಕ್ಕಳ ಹಾಗೆ ತಟಪಟ ಓಡಿಬಂದವು. ಕುಣಿಯುವಂಥ ಹಾಡು! ಕಪಾಟಿನ ಗಾಜು ಝಲ್ ಎಂದಿತು. ಚಿಣ್ಣಿ ಬಾಯಿ ತೆರೆದು ನಿಂತಿದ್ದಳು. ಥಿಯೇಟರು ಕತ್ತಲಾದ ಹಾಗೆ, ಎಲ್ಲೋ ಒಂದು ಕುದುರೆ ಓಡುತ್ತಿರುವ ಹಾಗೆ, ಯಾರೋ ತನ್ನ ಎದುರೇ ಕೂತು ಬೆರಳು ಓಡಿಸುತ್ತಿರುವ ಹಾಗೆ...

ಟ್ಯಾಂವ್.

ಚಿಣ್ಣಿ ಹುಬ್ಬು ಗಂಟಿಕ್ಕಿದಳು. ಒಂದು ಸ್ವರದ ಜೊತೆ ಪಕ್ಕದ ಸ್ವರವೂ ಅಂಟಿಕೊಂಡು ಬಂದಿತ್ತು. ಅದೇ ಸಾಲು ಮತ್ತೆ ಬಂದಾಗ ಮತ್ತೆ ಟ್ಯಾಂವ್. ಮೂರನೇ ಸಲವೂ!

"ಅತ್ತೆ, ಅಲ್ಲಿ ರಾಂಗ್ ನೋಟ್ ಬಂತಲ್ವಾ?"

"ಬಂತಾ? ನಂಗೆಲ್ಲಿ ಗೊತ್ತಾಗತ್ತೆ ಮಾರಾಯ್ತಿ! ನಂಗೆ ಸ್ಪ್ಯಾನರ್ ಸೈಜು ಗೊತ್ತು, ಸ್ವರ ಗೊತ್ತಿಲ್ಲ."

ಅಷ್ಟರಲ್ಲಿ ಫೋನ್ ಬಂತು. ಎಲ್ಲೋ ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡಿತ್ತು. ಅತ್ತೆ ಬ್ಯಾಗೆತ್ತಿಕೊಂಡು ಓಡಿದಳು.

ಚಿಣ್ಣಿ ಒಬ್ಬಳೇ ಉಳಿದಳು. ಅವಳು ಸ್ಕೂಲಿನಲ್ಲಿ ಕೀಬೋರ್ಡ್ ಕಲಿಯುತ್ತಿದ್ದಳು. ಒಂದು ತಪ್ಪಿಗೆ ಮ್ಯೂಸಿಕ್ ಮಿಸ್ಸಿಂದ ಒಂದು ಕೆಂಪು ಗೆರೆ. ಪಾಪ, ಪಿಯಾನೋ ಅಮ್ಮನಿಗೆ ಮೂರು ಕೆಂಪು ಗೆರೆ! ತೊಂಬತ್ತು ದಾಟಿದ ಅಜ್ಜಿ ಅಷ್ಟು ಆಸೆಯಿಂದ ಬರುತ್ತಾರೆ, ಬಂದರೆ ತಾಯಿಯ ತಪ್ಪು ಕೇಳಬೇಕಾ?

ಅವಳು ಸುರುಳಿಯನ್ನು ಹಿಂದಕ್ಕೆ ಸುತ್ತಿದಳು. ಮೆಲ್ಲಗೆ ತುಳಿದಳು. ಟ್ಯಾಂವ್ ಎಂದ ಕೂಡಲೇ ನಿಲ್ಲಿಸಿದಳು. ಹಿತ್ತಾಳೆ ಪಟ್ಟಿಯ ಮೇಲೆ ಎರಡು ತೂತು ಅಕ್ಕಪಕ್ಕ ಕೂತಿದ್ದವು. ಒಂದು ಸರಿ, ಒಂದು ತಪ್ಪು. ತಪ್ಪಿನದು ಅಕ್ಕಿಕಾಳಿನಷ್ಟು. ಚಿಣ್ಣಿ ಉಸಿರು ಬಿಗಿಹಿಡಿದು ಅದರ ಮೇಲೆ ತೆಳು ಕಾಗದ ಅಂಟಿಸಿದಳು. ಮುಂದಿನದಕ್ಕೂ ಅಂಟಿಸಿದಳು. ಅದರ ಮುಂದಿನದಕ್ಕೂ.

ಒಣಗಿದ ಮೇಲೆ ತುಳಿದು ನೋಡಿದಳು. ಹಾಡು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನುಣ್ಣಗೆ ಹೋಯಿತು. ಸೂಪರ್!

ಭಾನುವಾರ ನಾಲ್ಕಕ್ಕೆ ಸರಿಯಾಗಿ ಪೋಸ್ಟ್ ಮಾಮ ಅಜ್ಜಿಯ ಕೈ ಹಿಡಿದು ಕರೆತಂದರು. ಅಜ್ಜಿ ಸಣ್ಣಕ್ಕಿದ್ದರು. ಬೆನ್ನು ಬಾಗಿತ್ತು, ಕಣ್ಣು ಮಾತ್ರ ಚುರುಕು. ಅವರು ಯಾರ ಜೊತೆಯೂ ಮಾತಾಡದೆ ನೇರ ಪಿಯಾನೋ ಹತ್ತಿರ ಹೋದರು. ಅದರ ಮರದ ಮೇಲೆ ಕೆತ್ತಿದ್ದ ಬೀಸಣಿಗೆಯಂಥ ಗೆರೆಗಳನ್ನು ಒಂದೊಂದಾಗಿ ಸವರಿದರು.

"ಇದೇ. ಇದೇ ಪಿಯಾನೋ" ಎಂದರು. "ಅಮ್ಮ ಹೋದ ಮೇಲೆ ಅಪ್ಪ ವಾರಕ್ಕೊಂದ್ಸಲ ನನ್ನ ಥಿಯೇಟರಿಗೆ ಕರ್ಕೊಂಡ್ ಹೋಗೋರು. ಯಜಮಾನರು ಇದನ್ನ ತುಳಿದು ಕೇಳಿಸೋರು. ಆಮೇಲೊಂದಿನ ಹೋದ್ರೆ ಪಿಯಾನೋನೇ ಇರಲಿಲ್ಲ."

"ಕೂತ್ಕೊಳ್ಳಿ ಅಜ್ಜಿ" ಎಂದು ಅತ್ತೆ ಕುರ್ಚಿ ಎಳೆದಳು. "ವಾರವೆಲ್ಲ ದುಡಿದೋಳು ಇವಳು. ಇವತ್ತು ಇವಳೇ ತುಳೀಲಿ."

ಚಿಣ್ಣಿ ಬೆಂಚಿನ ತುದಿಗೆ ಜಾರಿ ಕೂತಳು. ಇಲ್ಲದಿದ್ದರೆ ಕಾಲು ಎಟುಕುತ್ತಿರಲಿಲ್ಲ. ತುಳಿದಳು. ದುಂ ದುಂ, ತಟಪಟ. ಹಾಡು ಕೋಣೆಯನ್ನು ತುಂಬಿತು.

ಅವಳು ಓರೆಗಣ್ಣಿನಿಂದ ನೋಡಿದಳು. ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. ಆ ಸಾಲು ಹತ್ತಿರ ಬಂದಾಗ ತಮ್ಮ ಕಿರುಬೆರಳನ್ನು ಮೆಲ್ಲಗೆ ಮೇಲೆತ್ತಿದರು. ಏನನ್ನೋ ಕಾಯುವ ಹಾಗೆ. ಸಾಲು ನುಣ್ಣಗೆ ದಾಟಿಹೋಯಿತು. ಬೆರಳು ಕೆಳಗಿಳಿಯಿತು. ಎರಡನೇ ಸಲವೂ ಎತ್ತಿದರು. ಮೂರನೇ ಸಲ ಎತ್ತಲಿಲ್ಲ.

ಸುರುಳಿ ಮುಗಿಯಿತು. ಮಾಮ ಚಪ್ಪಾಳೆ ತಟ್ಟಿದರು.

"ತುಂಬಾ ಚೆನ್ನಾಗಿದೆಮ್ಮ" ಎಂದರು ಅಜ್ಜಿ ಅತ್ತೆಗೆ. "ನೀವೆಲ್ಲ ಎಷ್ಟು ಕಷ್ಟಪಟ್ಟಿದ್ದೀರಿ! ಆದ್ರೆ... ಇದು ನಮ್ಮಮ್ಮ ಅಲ್ಲ. ಬೇರೆ ಯಾರೋ."

"ಡಬ್ಬಿ ಮೇಲೆ ಬರೆದಿದೆಯಲ್ಲ ಅಜ್ಜಿ!" ಮಾಮನ ಮುಖ ಸಪ್ಪಗಾಯಿತು.

"ಡಬ್ಬಿ ಅದೇ ಇರಬಹುದು ಕಣಪ್ಪಾ. ಅಮ್ಮ ಹಗಲು ಹೊಲಿಗೆ ಮಷೀನಿನಲ್ಲಿ ಬಟ್ಟೆ ಹೊಲೀತಿದ್ಲು. ಒಂದ್ಸಲ ಸೂಜಿ ಇಳಿದು ಕಿರುಬೆರಳು ಸೆಟೆದುಹೋಯ್ತು. ಮಡಚೋಕೆ ಬರ್ತಿರಲಿಲ್ಲ. ಈ ಹಾಡಲ್ಲಿ ಒಂದು ಕಡೆ ಅದು ಪಕ್ಕದ ಕೀಗೆ ತಾಗೇ ತಾಗೋದು. ಮೂರು ಸಲ ಬಂದ್ರೆ ಮೂರು ಸಲವೂ! ನಾನು ಅದನ್ನೇ ಕಾಯ್ತಾ ಕೂರ್ತಿದ್ದೆ. ಅಮ್ಮನ ದನಿ ಮರೆತುಹೋಗಿದೆ ನೋಡು, ಮುಖಾನೂ ಅಷ್ಟಕ್ಕಷ್ಟೇ. ಅದೊಂದು ನೆನಪಿದೆ." ಅಜ್ಜಿ ಕೋಲು ಹುಡುಕಿದರು. "ಹೋಗ್ಲಿ ಬಿಡಿ. ನಾನಿನ್ನು ಬರ್ತೀನಿ."

ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಜ್ಜಿ ಆಗಲೇ ಎದ್ದು ನಿಂತಿದ್ದರು.

"ಅದು ನಾನು!"

ಎಲ್ಲರೂ ತಿರುಗಿದರು.

"ನಾನು ಮುಚ್ಚಿಬಿಟ್ಟೆ ಅಜ್ಜಿ. ತಪ್ಪು ಅಂತ... ನಿಮಗೆ ಬೇಜಾರಾಗತ್ತೆ ಅಂತ... ಮೂರು ತೂತಿಗೂ ಕಾಗದ ಅಂಟಿಸಿಬಿಟ್ಟೆ." ಕೊನೆಯ ಮಾತು ಅಳುವಿನಲ್ಲಿ ಮುಳುಗಿತು.

ಅಜ್ಜಿ ಮತ್ತೆ ಕುರ್ಚಿಯಲ್ಲಿ ಕೂತರು. "ತೆಗೆಯೋಕೆ ಬರತ್ತಾ ಮಗು?" ಎಂದರು, ಬಹಳ ಮೆಲ್ಲಗೆ.

ಚಿಣ್ಣಿ ಅತ್ತೆಯ ಮುಖ ನೋಡಿದಳು. ಅತ್ತೆ ಬೈಯಲಿಲ್ಲ. ಬಟ್ಟಲಲ್ಲಿ ಬೆಚ್ಚಗಿನ ನೀರು ತಂದಿಟ್ಟಳು. "ಹಿಟ್ಟಿನ ಅಂಟು, ನೆನೆದ್ರೆ ಬಿಡತ್ತೆ. ಆದ್ರೆ ಕಾಗದ ನೂರು ವರ್ಷದ್ದು. ಎಳೆದ್ರೆ ಸುತ್ತಲಿನದ್ದೂ ಬಂದುಬಿಡತ್ತೆ. ನನ್ನ ಕೈಲಾಗಲ್ಲ. ನೀನೇ ಮಾಡ್ಬೇಕು."

ಬ್ರಷ್ಷಿನ ತುದಿಯಲ್ಲಿ ಒಂದು ಹನಿ. ಕಾದಳು. ಇನ್ನೊಂದು ಹನಿ. ಮತ್ತೆ ಕಾದಳು. ಮಾಮ ಟೈ ಸಡಿಲಿಸಿಕೊಂಡರು. ಚಿಣ್ಣಿ ಉಗುರಿನಿಂದ ತೇಪೆಯ ಮೂಲೆ ಎತ್ತಿದಳು. ಬಂತು. ಎರಡನೆಯದೂ ಬಂತು. ಮೂರನೆಯದನ್ನು ಎತ್ತುವಾಗ ಅಂಚಿನಲ್ಲಿ ಕೂದಲಿನಷ್ಟು ಸೀಳು ಬಿಟ್ಟಿತು. ಚಿಣ್ಣಿ ಬೆರಳನ್ನು ಅಲ್ಲೇ ಹಿಡಿದಳು. ಸೀಳು ಮುಂದೆ ಹೋಗಲಿಲ್ಲ. ತೇಪೆ ಬಂತು.

ಒಣಗಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಅಜ್ಜಿ ಎದ್ದು ಬೆಂಚಿನ ಹತ್ತಿರ ಬಂದರು.

"ಸ್ವಲ್ಪ ಸರ್ಕೋ. ನಾನು ಯಾವಾಗಲೂ ಈ ಕಡೆ ಕೂರ್ತಿದ್ದೆ."

ಚಿಣ್ಣಿ ತುಳಿದಳು. ದುಂ ದುಂ, ತಟಪಟ. ಅಜ್ಜಿ ಸುಕ್ಕುಗಟ್ಟಿದ ಕೈಯನ್ನು ಕೀಗಳ ಮೇಲೆ ಹಗುರವಾಗಿ ಇಟ್ಟರು. ಕೀಗಳು ಅವರ ಬೆರಳುಗಳ ಕೆಳಗೇ ಇಳಿದವು, ಎದ್ದವು. ಅವರ ಬೆರಳುಗಳನ್ನು ಯಾರೋ ಒಳಗಿಂದ ಹಿಡಿದು ಆಡಿಸುತ್ತಿದ್ದ ಹಾಗೆ.

ಟ್ಯಾಂವ್.

"ನೋಡಿದ್ಯಾ!" ಎಂದು ಅಜ್ಜಿ ಕೂಗಿದರು. ಅದು ತೊಂಬತ್ತು ವರ್ಷದವರ ದನಿಯೇ ಅಲ್ಲ. "ತಾಗಿಸಿದ್ಲು! ಅಮ್ಮ ತಾಗಿಸಿದ್ಲು!"

ಅವರು ನಗುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎರಡನೇ ಸಲ ಟ್ಯಾಂವ್ ಎಂದಾಗ ಚಿಣ್ಣಿಗೂ ಕಂಡಂತಾಯಿತು. ಕತ್ತಲ ಥಿಯೇಟರು, ತೆರೆಯ ಬೆಳಕು, ಕೀಗಳ ಮೇಲೆ ಓಡುವ ಒಂದು ಕೈ. ಆ ಕೈಯಲ್ಲಿ ಮಡಚಲಾಗದ ಒಂದು ಬೆರಳು.

ಹಾಡು ಮುಗಿಯುತ್ತಾ ಬಂತು. ಚಿಣ್ಣಿಯ ಮೀನಖಂಡ ನೋಯುತ್ತಿತ್ತು. ಸುರುಳಿಯ ಮೇಲಿಂದ ಮೂರನೆಯ ಚಿಕ್ಕ ತೂತು ಮೆಲ್ಲಗೆ ಕೆಳಗೆ ಬರುವುದು ಅವಳಿಗೆ ಕಂಡಿತು. ಗಟ್ಟಿಯಾಗಿ ತುಳಿದರೆ ಸ್ವರವೂ ಗಟ್ಟಿಯಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ತೂತು ಹಿತ್ತಾಳೆ ಪಟ್ಟಿಯನ್ನು ಮುಟ್ಟುವ ಹೊತ್ತಿಗೆ ಚಿಣ್ಣಿ ಎರಡೂ ಕಾಲಿಗೆ ಇದ್ದ ಬಲವನ್ನೆಲ್ಲ ಹಾಕಿ ತುಳಿದಳು.