ತಪ್ಪಿದ ಸೊನ್ನೆ

ಲ್ಯಾಬಿನಲ್ಲಿ ಅವಳು ತಯಾರಿಸಿದ ಕಣಗಳು ಮುನಿಸಿಕೊಂಡು ವಾರಗಳೇ ಕಳೆದಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತದ ಕಣಗಳವು. ಹೃದಯ ದಣಿದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನನ್ನು ಅವು ಹಿಡಿಯಬೇಕು, ಸೆನ್ಸರ್ ಅಳೆಯಬೇಕು. ಈಗ ನೋಡಿದರೆ ಆಸ್ಪತ್ರೆಯಿಂದ ಬಂದ ಹೃದ್ರೋಗಿಗಳ ರಕ್ತವನ್ನೂ ಅದು ಆರೋಗ್ಯವಾಗಿದೆ ಎನ್ನುತ್ತಿತ್ತು.

ಸೆನ್ಸರ್ ಕಟ್ಟಿದವನು ಪಕ್ಕದ ಕೋಣೆಯ ಎಂಜಿನಿಯರ್. ಲ್ಯಾಬಿನವರಿಗೆ ಅವನು ಸೊನ್ನೆಸ್ವಾಮಿ. ಆರೋಗ್ಯವಂತರ ರಕ್ತ ಹೀಗಿರುತ್ತದೆ, ಇದನ್ನೇ ಸೊನ್ನೆ ಎಂದುಕೋ ಎಂದು ಯಂತ್ರಕ್ಕೆ ಕಲಿಸಲು ಪ್ರತಿ ಸೋಮವಾರ ತೋಳು ಚಾಚುತ್ತಿದ್ದವನು ಅವನೇ. ಅವಳು ಕೈ ಹಿಡಿದು ಚುಚ್ಚುವಾಗ ಸೂಜಿಯನ್ನು ಬಿಟ್ಟು ಅವಳ ಮುಖವನ್ನೇ ನೋಡುವನು. ಅವಳು ತಲೆಯೆತ್ತಿದರೆ ಥಟ್ಟನೆ ಗೋಡೆ ನೋಡುವನು. ಅವಳಿಗೆ ಒಳಗೊಳಗೇ ನಗು. ಆದರೂ ತಪ್ಪು ಸೆನ್ಸರಿನದು ಎಂದು ಅವಳು, ಕಣಗಳದು ಎಂದು ಅವನು, ಹಾವು ಮುಂಗುಸಿಯ ಹಾಗೆ ಕಾದಾಡುತ್ತಿದ್ದರು.

ಒಂದು ಸೋಮವಾರ ಅವನು ಬರಲಿಲ್ಲ. ಅವಳು ತನ್ನ ರಕ್ತವನ್ನೇ ಸೊನ್ನೆಗಿಟ್ಟಳು. ರೋಗಿಗಳ ಅಂಕಿಗಳು ಸರಸರನೆ ಏರಿ, ಇರಬೇಕಾದಲ್ಲಿ ನಿಂತವು. ಕುಣಿಯಹೊರಟವಳಿಗೆ ಮರುಕ್ಷಣವೇ ಹೊಳೆಯಿತು. ಹಾಗಾದರೆ ತಪ್ಪಿದ್ದು ಸೊನ್ನೆ, ಅಂದರೆ ಅವನ ರಕ್ತ. ಕಳೆದ ವಾರ ಉಳಿದಿದ್ದ ಅವನ ರಕ್ತವನ್ನು ಇಟ್ಟು ನೋಡಿದಳು. ಅದೂ ರೋಗಿಗಳ ಸಾಲಿಗೇ ಸೇರಿತು.

ಅವನ ಮನೆಗೆ ಹೋಗಿ, ಸುಸ್ತೆಂದು ಮಲಗಿದ್ದವನನ್ನು ಬೇಡಬೇಡವೆಂದರೂ ಎಬ್ಬಿಸಿಕೊಂಡು, ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಾಗಿದ್ದ ತನ್ನ ಅಕ್ಕನ ಬಳಿ ಕರೆತಂದಳು. ಎಂದೋ ಬಂದುಹೋದ ಜ್ವರ ಹೃದಯವನ್ನು ಸೊರಗಿಸಿದೆ, ಇನ್ನೂ ತಡವಾದರೆ ಕಷ್ಟವಿತ್ತು, ಈಗ ಔಷಧಿಗೆ ಬಗ್ಗುತ್ತದೆ ಎಂದಳು ಅಕ್ಕ. ಹೊರಗಿನ ಬೆಂಚಿನ ಮೇಲೆ ಕೂರುತ್ತಲೇ ಅವಳಿಗೆ ತಡೆದಿಟ್ಟ ಅಳು ಉಕ್ಕಿತು.

"ಮೆಟ್ಟಿಲು ಹತ್ತೋಕೂ ಸುಸ್ತಾಗ್ತಿತ್ತಂತೆ. ಒಂದು ಮಾತು ಹೇಳೋಕೇನಾಗಿತ್ತು ನಿಮಗೆ?"

ಅವನು ಮೆಲ್ಲಗೆ ಹೇಳಿದ. "ಹೇಳಿದ್ರೆ ಸೋಮವಾರ ಬೇರೆ ಯಾರನ್ನೋ ಕೂರಿಸ್ತಿದ್ರಿ. ನೀವು ನನ್ನ ಕೈ ಹಿಡಿತಿದ್ದಿದ್ದು ಆವಾಗ ಮಾತ್ರ."

ಇಷ್ಟಕ್ಕಾಗಿ ಜೀವ ಪಣಕ್ಕಿಟ್ಟನಲ್ಲ ಎಂದು ಅವಳಿಗೆ ಕೆಂಡದಂಥ ಕೋಪ ಬಂತು. ಆ ಕೋಪದಲ್ಲೇ ತಿಳಿಯಿತು, ಈ ಪೆದ್ದನಿಲ್ಲದ ಸೋಮವಾರ ತನಗೂ ಬೇಡ.

"ಅದಕ್ಕೆ ಸೂಜಿ ಬೇಕಿತ್ತಾ? ಕೇಳಿದ್ರೆ ಕೊಡ್ತಿದ್ದೆ," ಎಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಷ್ಟರಲ್ಲಿ ನರ್ಸ್ ಬಂದು, ಅಡ್ಮಿಟ್ ಮಾಡಬೇಕು, ಇವರ ಕಡೆಯವರು ಯಾರು ಎಂದು ಕೇಳಿದಳು. ಬಾಗಿಲಲ್ಲಿ ಅಕ್ಕ ಹುಬ್ಬೇರಿಸಿ ನಿಂತಿದ್ದಳು.

ಅವಳು ಕೈ ಬಿಡಲಿಲ್ಲ.

"ನಾನೇ. ನಮ್ಮೋರು ಇವರು."